ಕಣವಿಲ್ಲದ ಊರಿನ ಅರ್ಧ ಗಂಟೆ

ಹುಣಸೂರಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಆ ದಿನ ಅರ್ಧ ಅವರೆಕಾಯಿ, ಇನ್ನರ್ಧ ಮಗಳ ಲ್ಯಾಪ್‌ಟಾಪ್. ಅವಳು ಕೆಲಸ ಮಾಡುವ ಟ್ರಸ್ಟಿನವರು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಿಗೆ ಒಂದೊಂದು ಆಂಬುಲೆನ್ಸ್ ಕೊಡುವವರಿದ್ದರು. ಗಾಡಿ ಎಲ್ಲಿ ನಿಂತರೆ ಅರ್ಧ ಗಂಟೆಯಲ್ಲಿ ಹೆಚ್ಚು ಊರು ಮುಟ್ಟಬಹುದು ಎಂದು ನಕ್ಷೆ ಬರೆಯುವುದು ಅವಳ ಪಾಲಿಗೆ ಬಂದಿತ್ತು.

"ರಸ್ತೆನೆಲ್ಲ ತುಂಡು ತುಂಡು ಮಾಡಿ ಡೇಟಾಬೇಸ್‌ನಲ್ಲಿ ಇಟ್ಟಿದೀನಮ್ಮ. ಒಂದೊಂದು ತುಂಡಿಗೂ ಇಷ್ಟು ನಿಮಿಷ ಅಂತ ಇದೆ. ಅರ್ಧ ಗಂಟೆ ಮುಗಿಯೋದ್ರೊಳಗೆ ಗಾಡಿ ಎಲ್ಲೆಲ್ಲಿ ಮುಟ್ಟತ್ತೋ ಆ ಜಾಗಗಳನ್ನ ಒಂದು ಫಂಕ್ಷನ್ ಆರಿಸಿ ಕೊಡತ್ತೆ. ಇನ್ನೊಂದು ಅವುಗಳ ಸುತ್ತ ಬೇಲಿ ಹಾಕತ್ತೆ."

ಕಾನ್ವೆಂಟಿನಲ್ಲಿ ಭೂಗೋಳದ ಸಿಸ್ಟರ್ ನಮ್ಮಿಂದ ಕೈವಾರದಲ್ಲಿ ದುಂಡಗೆ ಗೆರೆ ಎಳೆಸುತ್ತಿದ್ದರು. ಮಗಳ ಪರದೆಯ ಮೇಲಿನ ಬೇಲಿ ದುಂಡಗಿರಲಿಲ್ಲ. ಟಾರು ರಸ್ತೆ ಇದ್ದ ಕಡೆ ಬೆರಳಿನಂತೆ ಉದ್ದಕ್ಕೆ ಚಾಚಿತ್ತು, ಬೀಚನಹಳ್ಳಿಯ ಹತ್ತಿರ ಹಿನ್ನೀರು ಅದನ್ನು ಕಚ್ಚಿ ತಿಂದಂತಿತ್ತು. ನನ್ನ ಕಣ್ಣು ಮಾತ್ರ ರಾವಂದೂರಿನಿಂದಾಚೆ ಇರುವ ನನ್ನ ತವರನ್ನು ಹುಡುಕಿತು. ಪಿರಿಯಾಪಟ್ಟಣದ ಬೇಲಿಯೊಳಗೇ ಇತ್ತು. ಇಪ್ಪತ್ತೇಳು ನಿಮಿಷ.

ಸಮಾಧಾನವಾಯಿತು. ಅಣ್ಣನ ಮಗಳು ಚೊಚ್ಚಲ ಹೆರಿಗೆಗೆ ಅಲ್ಲಿಗೆ ಬಂದಿದ್ದಳು. ಬಿ.ಪಿ. ಜಾಸ್ತಿ ಇದೆ, ನೋವು ಶುರುವಾದರೆ ತಡ ಮಾಡಬೇಡಿ ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಸಂಕ್ರಾಂತಿ ಕಳೆದ ಮೇಲೆ ಹೆರಿಗೆಯ ದಿನ.

ಸಂಕ್ರಾಂತಿ ಎಂದುಕೊಂಡ ಕೂಡಲೇ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು.

"ಆಗ ರಸ್ತೆ ಮೇಲೆ ಹುರುಳಿ ಇರತ್ತಲ್ಲೇ," ಎಂದೆ.

ಮಗಳು ನನ್ನ ಮುಖ ನೋಡಿದಳು. ಕಿತ್ತ ಹುರುಳಿಯನ್ನು ಟಾರಿನ ಮೇಲೆ ಹರಡಿ, ಬಸ್ಸು, ಲಾರಿ ಓಡಾಡಿ ಕಾಳು ಉದುರುವುದನ್ನು ಅವಳೂ ನೋಡಿದ್ದಾಳೆ. ನಕ್ಷೆ ಬರೆಯುವಾಗ ನೆನಪಾಗಿರಲಿಲ್ಲ ಅಷ್ಟೆ. ತವರಿನಲ್ಲಿರುವ ನನ್ನ ಅತ್ತಿಗೆಗೆ ಫೋನ್ ಮಾಡಿದಳು.

"ಅತ್ತೆ, ಒಕ್ಕಣೆ ಟೈಮಲ್ಲಿ ರಾವಂದೂರಿಂದ ನಿಮ್ಮೂರಿಗೆ ಎಷ್ಟೊತ್ತು?"

"ಅದ್ಯಾಕ್ ಕೇಳೀಯೆ ಕೂಸೆ. ಮೊಳಕಾಲುದ್ದ ಉಳ್ಳಿ ಆಕವ್ರೆ ಅಂದ್ರೆ ಬಸ್ಸು ಎಮ್ಮೆ ಅಂಗೆ ಬತ್ತದೆ. ಓದೊರ್ಸ ಒಬ್ನು ಬೈಕಲ್ಲಿ ಬಂದು ನಮ್ ಉಳ್ಳಿ ಮ್ಯಾಲೇ ಮನೀಕಂಡ."

"ರಸ್ತೇಲಿ ಹಾಕ್ಬೇಡಿ ಅಂತ ಹೇಳ್ಬಾರ್ದಾ?"

"ಇನ್ನೆಲ್ಲಾಕನ, ನಿಮ್ಮಮ್ಮನ ತಲೆ ಮ್ಯಾಲಾ? ಕಣ ಎಲ್ಲೈತೆ ಈಗ?"

ಕಣವಿದ್ದ ಜಾಗದಲ್ಲಿ ಈಗ ಅಣ್ಣನ ತಾರಸಿ ಮನೆಯಿದೆ. ಗೃಹಪ್ರವೇಶಕ್ಕೆ ನಾನೇ ಮುಂದೆ ನಿಂತು ಓಡಾಡಿದ್ದೆ, ಕಣದ ನೆನಪು ಆಗ ಬರಲೇ ಇಲ್ಲ. ಹಾಸ್ಟೆಲಿನಿಂದ ಕ್ರಿಸ್‌ಮಸ್ ರಜಕ್ಕೆ ಬರುವಷ್ಟರಲ್ಲಿ ಅಪ್ಪ ಕಣ ಕೆತ್ತಿಸಿ, ನೀರು ಹೊಡೆದು, ಸಗಣಿ ಬಳಿಸಿರುತ್ತಿದ್ದರು. ಅದು ಒಣಗುವ ತನಕ ಕೋಳಿ ಕಾಯುವ ಕೆಲಸ ನನ್ನದು. ಎತ್ತುಗಳು ರೋಣಗಲ್ಲು ಎಳೆದು ಸುತ್ತುವಾಗ ಹೊಮ್ಮುವ ಬೆಚ್ಚನೆಯ ಹುಲ್ಲಿನ ವಾಸನೆ ನನ್ನ ಜಡೆಯೊಳಗೇ ಉಳಿದು ಹಾಸ್ಟೆಲಿಗೂ ಬರುತ್ತಿತ್ತು. ಸಿಸ್ಟರ್ ಒಮ್ಮೆ ಹೇನು ನೋಡಲು ಕೂರಿಸಿಕೊಂಡು, ತಲೆಯಿಂದ ಹುರುಳಿ ಹೊಟ್ಟು ತೆಗೆದು ಬೆರಳ ತುದಿಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದ್ದರು. ಬೈಯಲಿಲ್ಲ.

ಅತ್ತಿಗೆ ಫೋನಿನಲ್ಲೇ ಯಾರ ಯಾರ ಹುರುಳಿ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುತ್ತ ಹೋದರು. ಮಗಳು ಆ ರಸ್ತೆತುಂಡುಗಳ ನಿಮಿಷ ಏರಿಸಿ ಮತ್ತೆ ಲೆಕ್ಕ ಹಾಕಿಸಿದಳು. ನಕ್ಷೆಯಲ್ಲಿ ಚಾಚಿದ್ದ ಬೆರಳು ಒಳಕ್ಕೆ ಸೇದಿಕೊಂಡಿತು. ತವರು ಬೇಲಿಯ ಹೊರಗಿತ್ತು, ನಲವತ್ತೊಂದು ನಿಮಿಷ.

"ಅಮ್ಮ, ಟ್ರಸ್ಟಿನವರು ಕೇಳಿದ್ದು ಒಂದೇ ನಕ್ಷೆ."

"ಎರಡು ಕಳಿಸು. ಒಕ್ಕಣೆ ಇಲ್ಲದಾಗ ಒಂದು, ಇದ್ದಾಗ ಒಂದು."

ಕಳಿಸಿದಳು. ಟ್ರಸ್ಟಿನವರು ಮೊದಲು, ಹುರುಳಿಗೂ ಆಂಬುಲೆನ್ಸಿಗೂ ಏನಮ್ಮಾ ಸಂಬಂಧ ಎಂದರಂತೆ. ಅವರಲ್ಲೊಬ್ಬರು ಜೀಪಿನಲ್ಲಿ ಆ ದಾರಿ ಹೋಗಿ ಬಂದ ಮೇಲೆ, ಒಕ್ಕಣೆ ಮುಗಿಯುವವರೆಗೆ ಗಾಡಿ ಪಿರಿಯಾಪಟ್ಟಣದ ಬದಲು ರಾವಂದೂರಿನಲ್ಲಿ ನಿಲ್ಲಲಿ ಎಂದು ಒಪ್ಪಿದರು.

ಹಬ್ಬ ಕಳೆದು ಐದನೆಯ ದಿನ ಮಧ್ಯಾಹ್ನ ಅತ್ತಿಗೆಯ ಫೋನು ಆಸ್ಪತ್ರೆಯಿಂದಲೇ ಬಂತು. ಮಗಳು ಕಿತ್ತುಕೊಂಡಳು.

"ಎಣ್ಮಗ ಕಣೆ ಕೂಸೆ. ತಾಯಿ ಚೆಂದಾಗವ್ಳೆ. ಬಿ.ಪಿ. ಇಳೀತಾ ಐತಂತೆ."

"ಗಾಡಿ ಎಷ್ಟು ನಿಮಿಷಕ್ಕೆ ಬಂತು ಅತ್ತೆ?"

"ಯಾರ್ ನೋಡವ್ರೆ ನಿಮಿಷವ? ಸೈರನ್ ಕೇಳಿದ್ದೇ ತಡ, ಬೀದಿ ಎಂಗಸ್ರೆಲ್ಲ ಕವೆಗೋಲು ತಕ್ಕಂಡು ಉಳ್ಳಿ ಪಕ್ಕಕ್ಕೆಳುದ್ರು. ನಾನು ಮಗಳ ಕೈ ಇಡ್ಕಂಡಿದ್ನಾ, ಗಡಿಯಾರ ಇಡ್ಕಂಡಿದ್ನಾ? ಬುಡು ಅತ್ಲಾಗೆ. ನಿಮ್ಮಮ್ಮಂಗೆ ಬಾಣಂತಿ ಖಾರ ಕುಟ್ಟಾಕೇಳು."

ಗಾಡಿ ಎಷ್ಟು ನಿಮಿಷಕ್ಕೆ ಮುಟ್ಟಿತು ಎಂದು ಬರೆಯಬೇಕಿದ್ದ ಸಾಲನ್ನು ಮಗಳು ಖಾಲಿ ಬಿಟ್ಟು ಲ್ಯಾಪ್‌ಟಾಪ್ ಮುಚ್ಚಿದಳು. ನಾನು ಒಣಶುಂಠಿ ಹುಡುಕಲು ಎದ್ದೆ.