ಬೇಡ ಅಂದವರ ಬಾಗಿಲಿಗೆ

ಮಂಡ್ಯದ ಒಂದು ಖಾಸಗಿ ಕಾಲೇಜಿನವರು ಹೋದ ವರ್ಷ ನನ್ನನ್ನು ಲೈಬ್ರರಿಯನ್ ಕೆಲಸಕ್ಕೆ ಬೇಡ ಅಂದಿದ್ದರು. ಈ ವರ್ಷ ಅದೇ ಕೆಲಸಕ್ಕೆ ಮತ್ತೆ ಅರ್ಜಿ ಕರೆದಿದ್ದರು. ಅವತ್ತೇ ಕೊನೆಯ ದಿನ. ಮಳವಳ್ಳಿಯಲ್ಲಿ ಬಸ್ಸು ಹತ್ತಿದಾಗಿನಿಂದ ಅರ್ಜಿಯ ಕವರನ್ನು ಬ್ಯಾಗಿನಿಂದ ತೆಗೆಯುವುದು, ಮತ್ತೆ ಒಳಗಿಡುವುದು, ಇದೇ ಆಗಿತ್ತು. ಕೊಡಲೋ, ವಾಪಸ್ ಹೋಗಲೋ?

ಶಿವಪುರದಲ್ಲಿ ಹತ್ತಿ ಪಕ್ಕ ಕೂತ ಹೆಂಗಸು ಸ್ವಲ್ಪ ಹೊತ್ತು ನೋಡಿ, "ಅದೇನವ್ವ, ತಗೀತೀಯ, ಇಡ್ತೀಯ?" ಅಂದರು.

ಎಲ್ಲ ಹೇಳಿಬಿಟ್ಟೆ.

"ಅವ್ರೇ ಬಾ ಅಂದ್ರಾ?"

"ಪೇಪರಲ್ಲಿ ಹಾಕಿದ್ದಾರೆ."

"ಅಂಗಾರೆ ಊರ್ಗೆಲ್ಲ ಯೋಳವ್ರೆ, ನಿಂಗಲ್ಲ ಬುಡು."

ಚುರುಕ್ ಅಂತು. ಆಕೆಗೂ ಪಾಪ ಅನ್ನಿಸಿತೇನೋ. "ನನ್ನೂ ಎಣ್ಣು ನೋಡಕ್ ಬಂದೋರು ಬ್ಯಾಡ ಅಂದ್ಬುಟ್ಟೋಗಿದ್ರು. ವರ್ಸ ಬುಟ್ಟು ಅವ್ರೇ ತಿರ್ಗ ಬಂದ್ರು ಕಣಮ್ಮ."

"ಒಪ್ಪಿದ್ರಾ?"

"ಒಪ್ಕೊಂಡೆ. ಅದ್ಕೇ ಯೋಳ್ತಿರೋದು, ನೀನು ಓಗ್‌ಬ್ಯಾಡ."

ನಗು ತಡೆದುಕೊಂಡು, ಈಗ ಎಲ್ಲಿಗೆ ಹೊರಟಿದ್ದೀರಿ ಅಂತ ಕೇಳಿದೆ.

"ಅವ್ರತ್ರಕ್ಕೇಯ. ಕಾಲ್ ಮುರ್ಕೊಂಡು ಆಸ್ಪತ್ರೇಲವ್ರೆ. ನಾನ್ ಮಾಡಿದ್ ಸಾರೇ ಆಗ್ಬೇಕಂತೆ!"

ಮಂಡ್ಯದಲ್ಲಿ ಬಸ್ಸು ಪೂರ್ತಿ ನಿಲ್ಲುವ ಮುಂಚೆಯೇ ಆಕೆ ಬಾಗಿಲಲ್ಲಿದ್ದರು. ನನಗೆ ಹೋಗಬೇಡ ಅಂದವರ ಅವಸರ ನೋಡಿ ನಾನೂ ಇಳಿದು, ಸೀದಾ ಕಾಲೇಜಿಗೆ ಹೋಗಿ ಅರ್ಜಿ ಕೊಟ್ಟುಬಂದೆ. ಈ ಸಲ ಕಾಲೇಜಿನವರು ಒಪ್ಪಿಕೊಂಡರೆ, ನಿವೃತ್ತಿಯವರೆಗೂ ಆಕೆಯ ಹಾಗೆ ಗೊಣಗಿಕೊಂಡಿರಲು ನಾನೂ ತಯಾರು.