ಓನರ್ ಮನೆಯ ಕಪ್ಪೆಗಳು

ಗೋಡೆಗೆ ಮೊಳೆ ಹೊಡೆಯಬಾರದು, ಕುರ್ಚಿ ಎಳೆಯಬಾರದು. ಈ ಮನೆ ಓನರಿಗೆ ಸದ್ದೆಂದರೆ ಆಗುತ್ತಲೇ ಇರಲಿಲ್ಲ. ಮೇಲಿನ ಬಾಡಿಗೆಯವರ ಮಗು ಸೀನಿದರೂ ಮೆಟ್ಟಿಲ ಬುಡದಲ್ಲಿ ನಿಂತು ಕೆಮ್ಮುವರು. ಹಿತ್ತಲ ಕೊಳದ ಕಪ್ಪೆಗಳಿಗಂತೂ ಒಂದು ದಿನದ ನೋಟಿಸೂ ಇಲ್ಲ; "ಇದೇನು ಮನೇನೋ ಸಂತೇನೋ" ಎನ್ನುತ್ತ ಬಕೆಟ್ಟಿಗೆ ತುಂಬಿ ಕೆರೆಗೆ ಸುರಿದು ಬರುವರು. "ಇರ್ಲಿ ಬಿಡ್ರೀ, ಈ ಮನೇಲಿ ಮಾತಾಡೋದು ಅವೇ" ಎಂದ ಹೆಂಡತಿಯ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಕೆಗೆ ಲಕ್ವ ಹೊಡೆದು ಮಾತು ನಿಂತು ಎಂಟು ತಿಂಗಳಾಯಿತು. ಈಚೆಗೆ ಎಲ್ಲಿಂದಲೋ ಬಂದ ಕಪ್ಪೆಯೊಂದು ವಟಗುಟ್ಟಿದಾಗ ಆಕೆ ಕಿಟಕಿಯತ್ತ ಮುಖ ತಿರುಗಿಸಿದರು. ಓನರಿಗೂ ಆ ಸದ್ದು ಮೊದಲ ಸಲ ಹಿತವಾಯಿತು. ಈಗ ಅದೇ ಬಕೆಟ್ಟಿನಲ್ಲಿ ದಿನಾ ಕೆರೆಯಿಂದ ಕಪ್ಪೆ ತರುತ್ತಾರೆ. ಬೆಳಗಾಗುವಷ್ಟರಲ್ಲಿ ಅವು ಜಾಗ ಖಾಲಿ ಮಾಡಿರುತ್ತವೆ. "ಎಷ್ಟು ಬೇಕಾದ್ರೂ ಗಲಾಟೆ ಮಾಡ್ರಪ್ಪಾ, ಯಾರೂ ಏನೂ ಅನ್ನಲ್ಲ" ಎಂದು ಬರೀ ನೀರಿಗೆ ಹೇಳುತ್ತ ಕೂರುತ್ತಾರೆ.