ಸಡಿಲಿಸದ ಪಟ್ಟಿ

ಚಿಕ್ಕಮ್ಮ, ನಿನ್ನ ಬಲಗೈಯ ನಾಡಿ ನಿಂತದ್ದು ವಯಸ್ಸಿನಿಂದಲ್ಲ, ನನ್ನಿಂದ. ನಿಂತಿದೆ ಎಂದು ಗೊತ್ತಾದ ಮೇಲೂ ಡಾಕ್ಟರ ಮುಂದೆ "ಇದೆ" ಅಂದವಳೂ ನಾನೇ.

ಈ ಮಾತು ಈಗೇಕೆ ಅನ್ನುವವರಿದ್ದಾರೆ. ನನ್ನ ಗಂಡ ಅಂದರು, ಜೊತೆಯ ಸಿಸ್ಟರ್ ಒಬ್ಬರೂ ಅಂದರು — ಕೈ ಬೆಚ್ಚಗಿದೆ, ಪಕ್ಕದ ರಕ್ತನಾಳದಲ್ಲಿ ರಕ್ತ ಹೋಗ್ತಿದೆ, ಇನ್ನೇನು ಬೇಕು ನಿಂಗೆ? ಬೇಕು. ಅದು ನಿನ್ನ ಕೈ, ಅವರದಲ್ಲ.

ಅವತ್ತು ನಿನ್ನನ್ನು ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ, ನಾನು ನರ್ಸಾಗಿರುವ ಆಸ್ಪತ್ರೆಗೇ ಹಟ ಹಿಡಿದು ಕರೆಸಿದ್ದೆ. ಮಣಿಕಟ್ಟಿನ ರಕ್ತನಾಳದಿಂದ ಸಣ್ಣ ಕೊಳವೆ ಹಾಯಿಸಿ ಹೃದಯ ನೋಡಿದರು. ಕೊಳವೆ ತೆಗೆದ ಜಾಗದಲ್ಲಿ ರಕ್ತ ಸೋರದಂತೆ ಗಾಳಿ ತುಂಬುವ ಪಟ್ಟಿ ಕಟ್ಟುತ್ತೇವೆ. ರಕ್ತ ಹೊರಗೆ ಬರಬಾರದು, ಒಳಗೆ ಹರಿಯುವುದು ನಿಲ್ಲಲೂಬಾರದು. ಸ್ವಲ್ಪ ಸ್ವಲ್ಪವೇ ಗಾಳಿ ಬಿಡುತ್ತಾ ನಾಡಿ ಮುಟ್ಟಿ ನೋಡುತ್ತಿರಬೇಕು. ಬಿಗಿದು ಹಾಗೇ ಬಿಟ್ಟರೆ ರಕ್ತ ಹೆಪ್ಪುಗಟ್ಟಿ ನಾಳವೇ ಮುಚ್ಚಿಕೊಳ್ಳಬಹುದು. ಇದೆಲ್ಲ ನನಗೆ ಗೊತ್ತಿತ್ತು.

ಆದರೆ ಹೊರಗೆ ನಮ್ಮವರೆಲ್ಲ ಕೂತಿದ್ದರು — ಹಾಸಿಗೆಯ ಮೇಲೆ ಒಂದು ಕಲೆ ಕಂಡರೂ ರಂಪ ಮಾಡುವ ಜನ. ನಮ್ಮ ಹುಡುಗಿ ನೋಡಿಕೊಂಡಳು, ಒಂದು ಹನಿ ರಕ್ತ ಬೀಳಲಿಲ್ಲ ಅನ್ನಿಸಿಕೊಳ್ಳುವ ಆಸೆ ನನಗೆ. ಬಿಗಿದೆ.

"ಬೆರಳೆಲ್ಲಾ ಜುಮ್ ಅಂತೈತೆ ಕಣಮ್ಮ, ಒಂಚೂರು ಸಡ್ಲ ಮಾಡೇ," ಅಂದೆ ನೀನು.

"ಸುಮ್ನಿರು ಚಿಕ್ಕಮ್ಮ, ಇಷ್ಟೂ ತಡ್ಕೊಳಕ್ಕಾಗಲ್ವಾ?"

ನೀನು ಸುಮ್ಮನಾದೆ. ನಾನು ಓದಿದವಳಲ್ಲವೇ...

ಗಂಟೆಗಟ್ಟಲೆ ಹಾಗೇ ಬಿಟ್ಟು, ಕೊನೆಗೆ ಪಟ್ಟಿ ಬಿಚ್ಚಿ ಬೆರಳಿಟ್ಟೆ — ಏನೂ ಇಲ್ಲ. ಒತ್ತಿ ನೋಡಿದೆ, ಅತ್ತಿತ್ತ ಸರಿಸಿ ನೋಡಿದೆ — ಇಲ್ಲ. ಡಾಕ್ಟರು ಬಂದು "ನಾಡಿ ಇದೆಯಾ ಸಿಸ್ಟರ್?" ಅಂದರು. "ಇದೆ ಸರ್." ಆಗಲೇ ನಿಜ ಹೇಳಿದ್ದರೆ ಔಷಧಿ ಕೊಟ್ಟು, ಪಕ್ಕದ ನಾಳವನ್ನು ಒತ್ತಿ ಹಿಡಿದು, ಇದನ್ನು ತೆರೆಸಲು ನೋಡುತ್ತಿದ್ದರು. ಆ ಅವಕಾಶವನ್ನೂ ಹಾಳು ಮಾಡಿದೆ.

ಬಿಸಿನೀರಿನಲ್ಲಿ ರೇಷ್ಮೆಗೂಡಿನ ಎಳೆ ಹುಡುಕಿ ಹಿಡಿಯುವುದರಲ್ಲಿ ನಿನ್ನಷ್ಟು ಚುರುಕಿನವರು ನಿಮ್ಮ ಬೀದಿಯಲ್ಲೇ ಇರಲಿಲ್ಲ. ಈಗ ಸ್ವಲ್ಪ ಹೊತ್ತಿಗೇ ಕೈ ಸೋಲುತ್ತದೆ ಅಂತ ಎದ್ದುಬಿಡುತ್ತೀಯ. ನಿನ್ನ ಜಾಗದಲ್ಲಿ ಬೇರೆಯವಳು ಕೂತಿದ್ದಾಳೆ, ನೀನು ಮೂಲೆಯಲ್ಲಿ ಗೂಡು ಆರಿಸುತ್ತೀಯ. "ವಯಸ್ಸಾಯ್ತಲ್ಲ ಬಿಡಮ್ಮ" ಅಂತ ನನ್ನೆದುರೇ ನಗುತ್ತೀಯ. ಆ ನಗುವನ್ನು ನನ್ನಿಂದ ಸಹಿಸಲಾಗುತ್ತಿಲ್ಲ.

ಅಂದಿನಿಂದ ವಾರ್ಡಿನಲ್ಲಿ ನಾನು ಗಲೀಜು ಸಿಸ್ಟರ್. ಪಟ್ಟಿ ಸಡಿಲಿಸುತ್ತೇನೆ, ಒಮ್ಮೊಮ್ಮೆ ಹನಿ ಬೀಳುತ್ತದೆ, ನೆಂಟರು ಕೂಗಾಡುತ್ತಾರೆ. ಕೂಗಾಡಲಿ, ಹಾಸಿಗೆಯ ಬಟ್ಟೆ ಒಗೆದರೆ ಕಲೆ ಹೋಗುತ್ತದೆ. ಆದರೆ ಇದರಿಂದ ನಿನ್ನ ಕೈ ವಾಪಸ್ಸು ಬರಲಿಲ್ಲ, ಅದೂ ಗೊತ್ತು.

ನಾಳೆ ನಿನಗೆ ಮತ್ತೆ ಅದೇ ಪರೀಕ್ಷೆ. ಡಾಕ್ಟರು ಬಲಗೈಯನ್ನೇ ಮೊದಲು ಹಿಡಿಯುತ್ತಾರೆ. ಆ ದಾರಿ ಮುಚ್ಚಿದೆ, ಮುಚ್ಚಿದವಳು ನಾನು — ನಿನ್ನ ಮಕ್ಕಳ ಎದುರೇ ಹೇಳುತ್ತೇನೆ. ನಿನಗೆ ಮೊದಲು ಗೊತ್ತಿರಲಿ ಅಂತ ಇದನ್ನು ಬರೆದೆ. ಕೆಲಸದಿಂದ ತೆಗೆದರೆ ತೆಗೆಯಲಿ. ನನ್ನ ಮುಖ ನೋಡಲ್ಲ ಅಂದರೂ ಸರಿ, ಕ್ಷಮಿಸು ಅಂತ ಕೇಳುವುದಿಲ್ಲ.

ಒಂದೇ ಮಾತು. ನಾಳೆ ಎಡಗೈಗೆ ಪಟ್ಟಿ ಕಟ್ಟಿದ ಮೇಲೆ ಬೆರಳು ಜುಮ್ ಅಂದರೆ ಕೂಗು ಚಿಕ್ಕಮ್ಮ, ವಾರ್ಡೆಲ್ಲ ಕೇಳುವಂತೆ ಕೂಗು. ಸುಮ್ನಿರು ಅಂತ ಯಾರಂದರೂ — ನಾನೇ ಅಂದರೂ — ಸುಮ್ಮನಿರಬೇಡ.